ಅರ್ ಅಸ್ಗೂರ್ನ್: ಕುರ್ಚಿ ನೋಡಿ, ಅಡುಗೆಮನೆಯಲ್ಲಿ ನಿಲ್ಲಿ

ಯುದ್ಧಕ್ಕೆ ಸಂಬಂಧಿಸಿದ ವಸ್ತುಸಂಗ್ರಹಾಲಯವೆಂದರೆ ಬಂದೂಕು, ಪದಕ, ತೂತು ಬಿದ್ದ ಶಿರಸ್ತ್ರಾಣ ಎಂದುಕೊಂಡವರಿಗೆ ಉತ್ತರ ವೇಲ್ಸ್‌ನ ಈ ರೈತನ ಮನೆ ನಿರಾಸೆ ಮಾಡುತ್ತದೆ. ನನ್ನ ಅಳಿಯನಿಗೂ ಹಾಗೇ ಆಯಿತು. ನನಗೆ ಮಾತ್ರ ಅಲ್ಲಿಂದ ಹೊರಡಲು ಮನಸ್ಸೇ ಬರಲಿಲ್ಲ.

ಟ್ರೌಸ್‌ವನಿದ್ ಹಳ್ಳಿಯ ಹೊರವಲಯದಲ್ಲಿರುವ ಈ ಅರ್ ಅಸ್ಗೂರ್ನ್ ಎಲ್ಲಿಸ್ ಹಂಫ್ರಿ ಇವಾನ್ಸ್ ಬೆಳೆದ ಮನೆ. ಕಾವ್ಯನಾಮ ಹೆದ್ ವಿನ್. 1887ರಲ್ಲಿ ಹುಟ್ಟಿದವನು, ಹನ್ನೊಂದು ಮಕ್ಕಳಲ್ಲಿ ಹಿರಿಯ. ಕುರಿ ಕಾಯುತ್ತಾ ವೆಲ್ಷ್ ಭಾಷೆಯಲ್ಲಿ ಕವಿತೆ ಕಟ್ಟುತ್ತಿದ್ದ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನು ಬಂದ ಮೇಲೆ, ತಮ್ಮ ಬಾಬ್ ಹೋಗುವುದು ಬೇಡವೆಂದು ಅಣ್ಣನೇ ಹೊರಟ. ಲಿವರ್‌ಪೂಲ್ ಬಳಿಯ ಲಿದರ್‌ಲ್ಯಾಂಡ್‌ನಲ್ಲಿ ತರಬೇತಿ. ಆಮೇಲೆ ರಾಯಲ್ ವೆಲ್ಷ್ ಫ್ಯುಸಿಲಿಯರ್ಸ್ ಎಂಬ ಕಾಲಾಳು ದಳದ 15ನೇ ಬೆಟಾಲಿಯನ್. ನಡುವೆ ಉಳುಮೆಗೆಂದು ಏಳು ವಾರ ರಜೆ ಸಿಕ್ಕಿತು. ಹೊಲಕ್ಕಿಂತ ಹಾಳೆಯ ಮೇಲೇ ಹೆಚ್ಚು ಉಳುಮೆ ನಡೆದಿರಬೇಕು ಎಂಬ ಗುಮಾನಿ ನನ್ನದು. ರಜೆ ಮುಗಿದರೂ ಮರಳದಿದ್ದಾಗ ಮಿಲಿಟರಿ ಪೊಲೀಸರು ಹುಲ್ಲುಗಾವಲಿಗೇ ಬಂದು ಹಿಡಿದೊಯ್ದರು, ಗಡಿಬಿಡಿಯಲ್ಲಿ ಕವಿತೆ ಮೇಜಿನ ಮೇಲೇ ಉಳಿಯಿತು, ದಾರಿಯುದ್ದಕ್ಕೂ ಅದನ್ನು ಮತ್ತೆ ಬರೆದ ಎನ್ನುತ್ತಾರೆ.

1917ರ ಜುಲೈ 31ರಂದು, ಬೆಲ್ಜಿಯಂನ ಪಿಲ್ಕೆಮ್ ದಿಣ್ಣೆಯಲ್ಲಿ, ಪಾಷೆಂಡೇಲ್ ಕದನದ ಮೊದಲ ದಿನವೇ ಆತ ಸತ್ತ. ಸೆಪ್ಟೆಂಬರ್ 6ರಂದು ಬರ್ಕನ್‌ಹೆಡ್‌ನಲ್ಲಿ ನಡೆದ ರಾಷ್ಟ್ರೀಯ ಐಸ್ತೆದ್‌ವೋದ್ ಕಾವ್ಯೋತ್ಸವದಲ್ಲಿ ಅದೇ ಕವಿತೆಗೆ ಬಹುಮಾನ ಬಂತು. ಪ್ರಧಾನಿ ಲಾಯ್ಡ್ ಜಾರ್ಜ್ ಸಭೆಯಲ್ಲಿದ್ದರು. ಗೆದ್ದ ಕವಿಯನ್ನು ಕೂಗಿ ಕರೆದರೂ ಯಾರೂ ಏಳಲಿಲ್ಲ. ಬಹುಮಾನದ ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು.

ಆ ಕುರ್ಚಿ ಈಗ ಇದೇ ಮನೆಯಲ್ಲಿದೆ. ನಮ್ಮ ಕವಿಗೋಷ್ಠಿಗಳ ಶಾಲು, ಹಾರ, ಹಣ್ಣಿನ ಬುಟ್ಟಿಗಳಲ್ಲೇ ತೃಪ್ತಿಪಟ್ಟ ನಿವೃತ್ತ ಕನ್ನಡ ಮೇಷ್ಟರಿಗೆ, ಡ್ರ್ಯಾಗನ್ ಕೆತ್ತಿದ ಈ ಓಕ್ ಮರದ ಸಿಂಹಾಸನ ಕಂಡು ಹೊಟ್ಟೆಯುರಿಯಿತು ಎಂದರೆ ಸುಳ್ಳಲ್ಲ. ಕೆತ್ತಿದವನು ಯೂಜೀನ್ ವಾನ್‌ಫ್ಲೆಟೆರೆನ್, ಯುದ್ಧಕ್ಕೆ ಊರು ಬಿಟ್ಟು ಬಂದ ಬೆಲ್ಜಿಯಂ ನಿರಾಶ್ರಿತ. ಕವಿ ಸತ್ತಿದ್ದು ಅವನ ದೇಶದ ಮಣ್ಣಿನಲ್ಲಿ.

ಆದರೆ ಕುರ್ಚಿಯ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡಬೇಡಿ. ಈ ಮನೆಯ ಜೀವ ಇರುವುದು ಅಡುಗೆಮನೆಯಲ್ಲಿ. ಕಪ್ಪುಕಲ್ಲಿನ ನೆಲ, ಕಬ್ಬಿಣದ ಒಲೆ, ತಗ್ಗು ಮಾಡು. ಹನ್ನೊಂದು ಮಕ್ಕಳ ಸಂಸಾರ ಇಷ್ಟೇ ಜಾಗದಲ್ಲಿ ನಡೆದಿತ್ತೇ ಎಂದು ಎಣಿಸುತ್ತಾ ನಿಂತೆ. ಕವಿಯ ಸೋದರಳಿಯ ಜೆರಾಲ್ಡ್ ವಿಲಿಯಮ್ಸ್ ದಶಕಗಳ ಕಾಲ ಬಂದವರಿಗೆಲ್ಲ ಬಾಗಿಲು ತೆರೆದು ಮನೆ ತೋರಿಸಿದರು. 2012ರಲ್ಲಿ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನ ಪ್ರಾಧಿಕಾರ ಇದನ್ನು ಕೊಂಡಿತು. ದುರಸ್ತಿ ಮಾಡಿದ್ದಾರೆ, ಆದರೆ ಹೊಸ ಬಣ್ಣ ಬಳಿದು ಹಾಳು ಮಾಡಿಲ್ಲ.

ಹಳ್ಳಿಯಲ್ಲಿ ಅವನ ಪ್ರತಿಮೆಯೂ ಇದೆ: ಕುರುಬನ ವೇಷ, ಸಮವಸ್ತ್ರವಿಲ್ಲ. ಅದನ್ನು ಮೊದಲು ನೋಡಿ, ನಂತರ ಮನೆಗೆ ಹೋಗಿ. ವರ್ಷವಿಡೀ ತೆರೆದಿರುವುದಿಲ್ಲ, ಆದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ. ಬೇಸಿಗೆಯಾದರೂ ಮಳೆಗೆ ಕೊಡೆಯಲ್ಲ, ರೈನ್‌ಕೋಟ್ ಒಯ್ಯಿರಿ. ಅಲ್ಲಿಯ ಗಾಳಿಗೆ ನನ್ನ ಕೊಡೆಯ ಕಡ್ಡಿಗಳೆಲ್ಲ ಮುರಿದವು.