ಕಾರ್ಪೆಟ್ ಹಾಸೋಕೆ ಕಿಕ್ಕರ್ರೋ, ಸಲ್ಯೂಷನ್ನೋ?

ದಾವಣಗೆರೆ ಕಡೆ ಕಾರ್ಪೆಟ್ ಕೆಲಸ ಅಂದ್ರೆ ನಮ್ಮಲ್ಲಿ ಹೆಚ್ಚಿನವರು ರಬ್ಬರ್ ಸಲ್ಯೂಷನ್ ಅನ್ನೋ ಅಂಟಿನ ಡಬ್ಬಿಗೇ ಕೈ ಹಾಕೋದು. ವಿದ್ಯಾನಗರದ ಒಂದು ಮನೇಲಿ ಎರಡು ರೂಮಿಗೆ ಒಂದೇ ರೋಲಿನ ಕಾರ್ಪೆಟ್ ಹಾಸೋ ಕೆಲಸ ಸಿಕ್ತು. ಒಂದನ್ನ ಅಂಟಿಸಿದೆ, ಇನ್ನೊಂದನ್ನ ಕಿಕ್ಕರ್‌ನಿಂದ (ಕಾಲಲ್ಲಿ ಗುದ್ದಿ ಕಾರ್ಪೆಟ್ಟನ್ನ ಬಿಗಿಯಾಗಿ ಎಳೆಯೋ, ಹಲ್ಲಿರೋ ಸಾಧನ, knee kicker) ಎಳೆದು ಹಾಸಿದೆ.

ಅಂಟಿಸೋಕೆ ಹಲ್ಲಿನ ಕರಣೆ, ಕಟರ್ ಇದ್ರೆ ಆಯ್ತು. ಆದ್ರೆ ಏಪ್ರಿಲ್ ಸೆಕೆಗೆ ರೂಮಿಡೀ ಬಳಿದು ಮುಗಿಸೋದ್ರೊಳಗೆ ಮೊದಲು ಬಳಿದಿದ್ದು ಒಣಗಿ ಹಿಡಿತಾನೇ ಇರಲ್ಲ. ಕಾರ್ಪೆಟ್ ಅರ್ಧ ಮಡಚಿ, ಸ್ವಲ್ಪ ಸ್ವಲ್ಪ ಬಳೀತಾ ಒತ್ತಿಕೊಂಡು ಹೋಗ್ಬೇಕು. ಕಿಟಕಿ ತೆಗೆದಿಡಿ, ಬೀಡಿ ಸೇದೋರನ್ನ ಹೊರಗೆ ಕಳಿಸಿ, ಸಲ್ಯೂಷನ್ನಿನ ಆವಿಗೆ ಬೆಂಕಿ ಬೇಗ ಹತ್ತುತ್ತೆ.

ಕಿಕ್ಕರ್‌ಗೆ ಮೊದಲು ಗೋಡೆ ಸುತ್ತ ಮುಳ್ಳುಪಟ್ಟಿ ಬೇಕು, ಅಂದ್ರೆ ಕಾರ್ಪೆಟ್ ಅಂಚನ್ನ ಕಚ್ಚಿ ಹಿಡಿಯೋ ಚೂಪು ಮುಳ್ಳುಗಳ ಪಟ್ಟಿ. ಮುಳ್ಳು ಗೋಡೆ ಕಡೆ ವಾಲಿರಬೇಕು, ಪಟ್ಟಿಗೂ ಗೋಡೆಗೂ ನಡುವೆ ಕಾರ್ಪೆಟ್ಟಿನ ದಪ್ಪಕ್ಕಿಂತ ಚೂರು ಕಡಿಮೆ ಸಂದು. ವಿಟ್ರಿಫೈಡ್ ಟೈಲ್ಸ್‌ಗೆ ಮೊಳೆ ಹೊಡೆದ್ರೆ ಬಿರುಕು ಬಿಡುತ್ತೆ, ಅಲ್ಲಿ ಪಟ್ಟೀನ ಗಟ್ಟಿ ಗಮ್ಮಿನಲ್ಲಿ ಕೂರಿಸಿ ಒಂದು ರಾತ್ರಿ ಬಿಡೋದೇ ವಾಸಿ. ಈ ಕಾಯೋದು ಮಾಲೀಕರಿಗೆ ಹಿಡಿಸಲ್ಲ.

ಆಮೇಲೆ ಕಿಕ್ಕರ್ ಹಲ್ಲು. ಕಾರ್ಪೆಟ್ಟಿನ ಬೆನ್ನು ಕಚ್ಚುವಷ್ಟು ಇಳಿಸಿ. ಇನ್ನೂ ಕೆಳಗಿಳಿದ್ರೆ ಕಾರ್ಪೆಟ್ ಕೆಳಗೆ ಹಾಸೋ ಮೆತ್ತನೆ ಪದರ, ಅಂಡರ್‌ಲೇ, ಹರಿಯುತ್ತೆ. ಕಿಕ್ಕರ್‌ನ ಹಲ್ಲಿರೋ ತಲೆಯನ್ನ ಪಟ್ಟಿಯಿಂದ ಒಂದಿಂಚು ಹಿಂದೆ ಇಟ್ಟು, ಕೈಭಾರ ಹಾಕಿ, ಮಂಡಿಚಿಪ್ಪಿನ ಮೇಲ್ಗಡೆ ತೊಡೆಯಿಂದ ಗುದ್ದಬೇಕು. ಚಿಪ್ಪಿನಿಂದಲೇ ಗುದ್ದೋರಿಗೆ ಮಂಡಿ ಊತ ತಪ್ಪಿದ್ದಲ್ಲ. ಮುಳ್ಳು ಕಚ್ಚಿದ ಕೂಡಲೇ ಪುಟ್ಟಿ ಬ್ಲೇಡಿನಿಂದ ಅಂಚನ್ನ ಸಂದಿಗೆ ತುರುಕಿ.

ಕಟಿಂಗ್ ಎರಡಕ್ಕೂ ಒಂದೇ: ಕತ್ತರಿಸಿದ ಕುಚ್ಚಿನ ಕಾರ್ಪೆಟ್ ಆದ್ರೆ ಬೆನ್ನಿನಿಂದ, ಲೂಪ್ (ಎಳೆ ಕತ್ತರಿಸದೆ ಕುಣಿಕೆಯಾಗೇ ಇರೋದು) ಆದ್ರೆ ಮೇಲಿನಿಂದ ಸಾಲಿನ ನಡುವೆ.

ಕಾಲಿಟ್ಟಾಗಿನ ಮೆತ್ತನೆ ಬೇಕು ಅಂದ್ರೆ ಎಳೆದು ಹಾಸಿದ್ದೇ ಮೇಲು. ನೀರು ಚೆಲ್ಲಿದ್ರೆ ಮೂಲೆ ಎತ್ತಿ ಒಣಗಿಸಿ ಮತ್ತೆ ಕೂರಿಸಬಹುದು. ಅಂಟಿಸಿದ್ದನ್ನ ಕೀಳೋಕೆ ಹೋದ್ರೆ ನೆಲ ಕೆರೆಯೋದೇ ಒಂದು ದಿನದ ಕೂಲಿ. ಆಫೀಸಿಗೆ ಹಾಕೋ ತೆಳು ಫೆಲ್ಟ್ ಕಾರ್ಪೆಟ್ಟಿಗೆ ಮಾತ್ರ ಕಿಕ್ಕರ್ ತರಲೇಬೇಡಿ, ಸಲ್ಯೂಷನ್ನೇ ಸರಿ. ದೊಡ್ಡ ಹಾಲ್‌ಗೂ ಬರೀ ಕಿಕ್ಕರ್ ಸಾಲಲ್ಲ, ನಡುವೆ ಸುಕ್ಕು ಏಳುತ್ತೆ. ಎದುರು ಗೋಡೆಗೆ ಒತ್ತು ಕೊಟ್ಟು ಎಳೆಯೋ ಕೋಲಿನ ಸ್ಟ್ರೆಚರ್ ಬೇಕು. ಅದನ್ನ ಕೊಳ್ಳುವಷ್ಟು ಕೆಲಸ ನನಗಿನ್ನೂ ಬಂದಿಲ್ಲ, ಅದಕ್ಕೆ ಹಾಲ್ ಅಂದ್ರೆ ಈಗಲೂ ಅಂಟಿಸೋದೇ.