ಮಾಸ್ಟ್: ವೆಬ್ ದೂರದರ್ಶಕದ ದತ್ತಾಂಶ ಎಲ್ಲರಿಗೂ ಉಚಿತ, ಆದರೆ ಯಾವ ಫೈಲ್ ಎಂದು ಗೊತ್ತಿರಬೇಕು

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರ ಎಂದು ಪತ್ರಿಕೆಗಳಲ್ಲಿ ನಾವು ನೋಡುವುದು ಬಣ್ಣ ಕೊಟ್ಟು, ಅಂಚು ಕತ್ತರಿಸಿ, ಚಿಕ್ಕದು ಮಾಡಿದ ಜೆಪೆಗ್ ಪ್ರತಿ. ಅದರ ಹಿಂದಿನ ನಿಜವಾದ ಅಳತೆಗಳು ಬಾಲ್ಟಿಮೋರ್‌ನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ನಡೆಸುವ ಮಾಸ್ಟ್ ಭಂಡಾರದಲ್ಲಿವೆ. ಹಬಲ್, ಕೆಪ್ಲರ್, ಟೆಸ್ ದೂರದರ್ಶಕಗಳ ದತ್ತಾಂಶವೂ ಅಲ್ಲೇ ಸಿಗುತ್ತದೆ. ಹಣ ಕೊಡಬೇಕಿಲ್ಲ, ಸಾರ್ವಜನಿಕ ಫೈಲುಗಳಿಗೆ ಖಾತೆಯೂ ಬೇಕಿಲ್ಲ. ಖಗೋಳ ವಿಜ್ಞಾನ ಕಲಿಯುವ ಪದವಿ ವಿದ್ಯಾರ್ಥಿಗೆ ಇಷ್ಟು ದೊಡ್ಡ ಉಪಕಾರ ಮಾಡುವ ಸೇವೆ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಹೊಸಬರ ಕೈ ಹಿಡಿದು ನಡೆಸುವ ವ್ಯವಸ್ಥೆ ಅಲ್ಲಿ ಕಡಿಮೆ. ಹೆಚ್ಚಿನವರು ಮೊದಲ ಡೌನ್‌ಲೋಡ್‌ನಲ್ಲೇ ತಪ್ಪು ಫೈಲ್ ಇಳಿಸಿಕೊಂಡು, ಕಪ್ಪು ಪರದೆ ನೋಡಿ ಕೈಬಿಡುತ್ತಾರೆ.

ಶುರುಮಾಡಲು ಎಸ್‌ಮ್ಯಾಕ್ಸ್ 0723 ಒಳ್ಳೆಯ ಗುರಿ. 2022ರ ಜುಲೈಯಲ್ಲಿ ಬಿಡುಗಡೆಯಾದ ವೆಬ್‌ನ ಮೊದಲ ಆಳದ ಚಿತ್ರ ಇದೇ ಗ್ಯಾಲಕ್ಸಿ ಗುಚ್ಛದ್ದು. ಪೋರ್ಟಲ್‌ನ ಹುಡುಕು ಪೆಟ್ಟಿಗೆಯಲ್ಲಿ ಹೆಸರು ಹಾಕಿ, ಎಡಬದಿಯ ಸೋಸುಗಳಲ್ಲಿ ಮಿಷನ್ ಜೆಡಬ್ಲ್ಯೂಎಸ್‌ಟಿ, ಉಪಕರಣ ನಿಯರ್‌ಕ್ಯಾಮ್ (ವೆಬ್‌ನ ಅವಕೆಂಪು ಕ್ಯಾಮೆರಾ) ಎಂದು ಆರಿಸಿ. ಪ್ರಪೋಸಲ್, ಅಂದರೆ ವೀಕ್ಷಣೆಯ ಅರ್ಜಿಯ ಸಂಖ್ಯೆ 2736. ಫೈಲ್ ಹೆಸರಿನಲ್ಲಿ ಇದೇ ಸಂಖ್ಯೆ ಮುಂದೊಂದು ಸೊನ್ನೆ ಸೇರಿ 02736 ಆಗಿರುತ್ತದೆ. ಹುಡುಕುವಾಗ ಆ ಸೊನ್ನೆ ಬಿಡಬೇಕು. ಡೇಟಾ ರೈಟ್ಸ್ ಎಂಬ ಕಾಲಂ ನೋಡದೆ ಮುಂದೆ ಹೋಗಬೇಡಿ. ಅನೇಕ ಯೋಜನೆಗಳ ದತ್ತಾಂಶ 12 ತಿಂಗಳವರೆಗೆ ವೀಕ್ಷಣೆಗೆ ಅರ್ಜಿ ಹಾಕಿದ ತಂಡಕ್ಕೆ ಮಾತ್ರ ಮೀಸಲು. ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಫೈಲ್ ಇಳಿಯುವುದಿಲ್ಲ.

ಬುಟ್ಟಿಗೆ ಹಾಕಿದ ಮೇಲೆ ಸಾವಿರಾರು ಫೈಲುಗಳ ಪಟ್ಟಿ ಎದುರಾಗುತ್ತದೆ. ಇದೇ ಈ ಸೇವೆಯ ದೊಡ್ಡ ಕೊರತೆ. ಯಾವುದು ಏನು ಎಂದು ಹೆಸರಿನ ಕೊನೆಯ ತುಂಡು ನೋಡಿಯೇ ತಿಳಿಯಬೇಕು. ಅನ್‌ಕ್ಯಾಲ್ ಎಂದರೆ ಸಂವೇದಕದಿಂದ ಬಂದ ಹಸಿ ಓದು. ರೇಟ್ ಎಂದರೆ ಪ್ರತಿ ಸೆಕೆಂಡಿಗೆ ಎಷ್ಟು ಸಂಕೇತ ಬಂತು ಎಂಬ ಲೆಕ್ಕ. ಕ್ಯಾಲ್ ಎಂದರೆ ಅಳತೆಯ ಮಾನಕ್ಕೆ ತಂದ ಒಂದೊಂದೇ ಚಿತ್ರ. ಇವನ್ನೆಲ್ಲ ಹೊಂದಿಸಿ ಕೂಡಿಸಿದ ಮೊಸಾಯಿಕ್ ಬೇಕಿದ್ದರೆ ಐ2ಡಿ ಎಂದು ಮುಗಿಯುವ ಮೂರನೆಯ ಹಂತದ ಫೈಲ್ ಆರಿಸಿ. ಬಣ್ಣದ ಚಿತ್ರ ಮಾಡಲು ಒಂದೊಂದು ಫಿಲ್ಟರ್‌ಗೆ ಅದೊಂದೇ ಸಾಕು.

ಜಾಗದ ಲೆಕ್ಕವೂ ಮೊದಲೇ ಹಾಕಿಕೊಳ್ಳಬೇಕು. ನಿಯರ್‌ಕ್ಯಾಮ್‌ನ ಒಂದು ಸಂವೇದಕ 2048 × 2048 ಪಿಕ್ಸೆಲ್, ಅಂದರೆ ಒಂದು ಪದರಕ್ಕೆ ಸುಮಾರು 17 ಎಂಬಿ. ಕ್ಯಾಲ್ ಫೈಲಿನಲ್ಲಿ ಚಿತ್ರದ ಜೊತೆ ದೋಷ, ಗುಣಮಟ್ಟದ ಗುರುತು, ವಿಸ್ತೀರ್ಣ ಮುಂತಾದವೂ ಸೇರಿ ಏಳು ಪದರ ಇರುವುದರಿಂದ ಒಂದೊಂದೂ 117 ಎಂಬಿ ಆಗುತ್ತದೆ. ದೊಡ್ಡ ಮೊಸಾಯಿಕ್ ಹಲವು ಜಿಬಿ ದಾಟುತ್ತದೆ. ಜಿಪ್ ಆಯ್ಕೆ ಬಿಟ್ಟು ಕರ್ಲ್ ಸ್ಕ್ರಿಪ್ಟ್ (ಫೈಲ್ ಇಳಿಸುವ ಆದೇಶಗಳ ಪಟ್ಟಿ) ಆರಿಸಿದರೆ ಫೈಲುಗಳು ಒಂದೊಂದಾಗಿ ಇಳಿಯುತ್ತವೆ. ನಡುವೆ ಸಂಪರ್ಕ ತಪ್ಪಿದರೆ ಇಡೀ ಕಟ್ಟು ಹಾಳಾಗುವುದಿಲ್ಲ. ಪೈಥಾನ್ ಬಲ್ಲವರು ಪೋರ್ಟಲ್ ಗೋಜಿಗೇ ಹೋಗದೆ ಭಂಡಾರದಲ್ಲಿ ಹುಡುಕಿ ಇಳಿಸಿಕೊಡುವ ಆಸ್ಟ್ರೋಕ್ವೆರಿ ಎಂಬ ಪೈಥಾನ್ ಸಲಕರಣೆ ಬಳಸುವುದು ಲೇಸು.

ಫೈಲ್ ತೆರೆದಾಗ ಏನೂ ಕಾಣದಿದ್ದರೆ ಗಾಬರಿ ಬೇಡ. ಮೊದಲ ಪದರದಲ್ಲಿ ಬರೀ ತಲೆಬರಹ (ಫೈಲಿನ ವಿವರಗಳ ಪಟ್ಟಿ) ಇರುತ್ತದೆ, ಚಿತ್ರ ಇರುವುದು ಎಸ್‌ಸಿಐ ಎಂಬ ಪದರದಲ್ಲಿ. ಅದನ್ನು ತೆರೆದರೂ ಕಪ್ಪಾಗಿಯೇ ಕಾಣುತ್ತದೆ, ಏಕೆಂದರೆ ನಕ್ಷತ್ರಕ್ಕೂ ಮಸುಕು ಗ್ಯಾಲಕ್ಸಿಗೂ ಹೊಳಪಿನ ಅಂತರ ಬಹಳ. ಇಂಥ ಫೈಲ್ ತೆರೆಯುವ ಡಿಎಸ್9 ಅಥವಾ ಫಿಟ್ಸ್ ಲಿಬರೇಟರ್ ತಂತ್ರಾಂಶದಲ್ಲಿ, ಮಸುಕು ಭಾಗವನ್ನು ಎತ್ತಿ ತೋರಿಸುವ ಲಾಗ್ ಇಲ್ಲವೇ ಆರ್ಕ್‌ಸಿಂಚ್ ಹಿಗ್ಗಿಸುವಿಕೆ ಕೊಟ್ಟರೆ ಗ್ಯಾಲಕ್ಸಿಗಳು ಮೇಲೇಳುತ್ತವೆ. ಉದ್ದ ತರಂಗದ ಎಫ್444ಡಬ್ಲ್ಯೂ ಫಿಲ್ಟರ್ ಕೆಂಪಿಗೆ, ಕಿರು ತರಂಗದ ಎಫ್200ಡಬ್ಲ್ಯೂ ಹಸಿರಿಗೆ, ಎಫ್090ಡಬ್ಲ್ಯೂ ನೀಲಿಗೆ ಕೊಡಿ. ನೇರವಾಗಿ ಒಂದರ ಮೇಲೊಂದು ಇಟ್ಟರೆ ಮಾತ್ರ ಹೊಂದುವುದಿಲ್ಲ. ಕಿರು ತರಂಗದ ಪಿಕ್ಸೆಲ್ 0.031 ಆರ್ಕ್‌ಸೆಕೆಂಡ್ (ಡಿಗ್ರಿಯ 3600ರಲ್ಲಿ ಒಂದು ಭಾಗ ಒಂದು ಆರ್ಕ್‌ಸೆಕೆಂಡ್), ಉದ್ದ ತರಂಗದ್ದು 0.063. ತಲೆಬರಹದಲ್ಲಿರುವ ಆಕಾಶ ನಿರ್ದೇಶಾಂಕ ಹಿಡಿದು ಉದ್ದ ತರಂಗದ ಚಿತ್ರವನ್ನು ಕಿರು ತರಂಗದ ಜಾಲಕ್ಕೆ ಮರುಹೊಂದಿಸಬೇಕು. ಮೌಲ್ಯಗಳು ಆಕಾಶದ ವಿಸ್ತೀರ್ಣಕ್ಕೆ ಇಷ್ಟು ಎಂಬ ಮಾನದಲ್ಲಿರುವುದರಿಂದ ಹೊಂದಿಸಿದ ಮೇಲೆ ಗುಣಿಸುವ ಅಗತ್ಯವಿಲ್ಲ. ಒಂದು ಗ್ಯಾಲಕ್ಸಿಯ ಒಟ್ಟು ಬೆಳಕು ಲೆಕ್ಕ ಹಾಕುವಾಗ ಮಾತ್ರ ತಲೆಬರಹದಲ್ಲಿರುವ ಪಿಕ್ಸೆಲ್ ವಿಸ್ತೀರ್ಣದಿಂದ ಗುಣಿಸಿ. ಇದನ್ನು ಮರೆತು ಬೇರೆ ಬೇರೆ ಪಿಕ್ಸೆಲ್ ಗಾತ್ರದ ಚಿತ್ರಗಳನ್ನು ಹೋಲಿಸಿದರೆ ಉತ್ತರ ಸುಮಾರು ನಾಲ್ಕು ಪಟ್ಟು ತಪ್ಪುತ್ತದೆ.

ಪ್ರಕಾಶಮಾನ ನಕ್ಷತ್ರಗಳ ನಡುಮಧ್ಯದಲ್ಲೇ ಕಪ್ಪು ಚುಕ್ಕೆ ಕಾಣುತ್ತದೆ. ಅದು ಕಪ್ಪುಕುಳಿ ಅಲ್ಲ. ಬೆಳಕು ಮಿತಿ ಮೀರಿ ಪಿಕ್ಸೆಲ್ ತುಂಬಿಹೋದಾಗ ಪೈಪ್‌ಲೈನ್ (ಹಸಿ ಓದನ್ನು ಚಿತ್ರವಾಗಿಸುವ ತಂತ್ರಾಂಶ) ಅದನ್ನು ಬಳಸಲಾಗದ್ದೆಂದು ಗುರುತಿಸಿ ಖಾಲಿ ಬಿಡುತ್ತದೆ. ಚಂದದ ಚಿತ್ರಕ್ಕಾದರೆ ಸುತ್ತಲಿನ ಮೌಲ್ಯದಿಂದ ತುಂಬಬಹುದು, ಅಳತೆಗಾದರೆ ಆ ನಕ್ಷತ್ರವನ್ನೇ ಬಿಟ್ಟುಬಿಡಿ.

ಸುಂದರ ಚಿತ್ರಕ್ಕೆ ಮಾಸ್ಟ್ ಕೊಡುವ ಐ2ಡಿ ಧಾರಾಳ ಸಾಕು. ಬಹಳ ಮಸುಕಾದ ಗ್ಯಾಲಕ್ಸಿಗಳ ಅಳತೆಗೆ ನಾನು ಅದನ್ನು ಹಾಗೇ ಬಳಸಲು ಹೇಳುವುದಿಲ್ಲ. ಸಂವೇದಕ ಓದುವ ವಿದ್ಯುನ್ಮಾನದಿಂದ ಬರುವ ಸಣ್ಣ ಪಟ್ಟೆಗಳು, ದೊಡ್ಡ ಕಾಸ್ಮಿಕ್ ಕಿರಣ ಬಡಿದ ಸ್ನೋಬಾಲ್ ಗುರುತುಗಳು, ಅಡ್ಡದಾರಿಯಲ್ಲಿ ನುಗ್ಗಿದ ಬೆಳಕಿನ ವಿಸ್ಪ್ ಎಂಬ ಮಬ್ಬು ಎಳೆಗಳು ಅದರಲ್ಲಿ ಉಳಿದಿರಬಹುದು. ಇವನ್ನು ತೆಗೆದು ಶುದ್ಧಗೊಳಿಸಿದ ಮೊಸಾಯಿಕ್‌ಗಳನ್ನು ಸಂಶೋಧನಾ ತಂಡಗಳೇ ಸಿದ್ಧಪಡಿಸಿ ಮಾಸ್ಟ್‌ಗೆ ಕೊಟ್ಟಿವೆ. ಉನ್ನತ ಮಟ್ಟದ ಉತ್ಪನ್ನಗಳು ಎಂಬ ವಿಭಾಗದಲ್ಲಿ ಜೇಡ್ಸ್, ಸಿಯರ್ಸ್ ಮುಂತಾದ ಸಮೀಕ್ಷೆಗಳ ಚಿತ್ರ ಮತ್ತು ಪಟ್ಟಿಗಳಿವೆ. ಕೋಪನ್‌ಹೇಗನ್‌ನ ಕಾಸ್ಮಿಕ್ ಡಾನ್ ಸೆಂಟರ್ ನಡೆಸುವ ಡಾನ್ ಜೆಡಬ್ಲ್ಯೂಎಸ್‌ಟಿ ಭಂಡಾರವೂ ಇದೇ ಕೆಲಸ ಮಾಡುತ್ತದೆ, ಬಳಸುವುದಕ್ಕೆ ಮಾಸ್ಟ್‌ಗಿಂತ ಸಲೀಸು.

ಇಂಥ ಸಾರ್ವಜನಿಕ ದತ್ತಾಂಶದಿಂದ ಏನಾಗುತ್ತದೆ ಎಂಬುದಕ್ಕೆ ಪುಣೆಯ ರೇಡಿಯೋ ಖಗೋಳ ಸಂಶೋಧನಾ ಕೇಂದ್ರ ಎನ್‌ಸಿಆರ್‌ಎ ಉದಾಹರಣೆ. ಏಬೆಲ್ 2744 ಗುಚ್ಛದ ಮೇಲೆ ಅನ್‌ಕವರ್ ಸಮೀಕ್ಷೆ ಮಾಡಿದ ವೀಕ್ಷಣೆಗಳನ್ನು ಶೋಧಿಸಿ ರಾಶಿ ಜೈನ್ ಮತ್ತು ಯೋಗೇಶ್ ವಾಡದೇಕರ್ ಅಲಕನಂದಾ ಎಂಬ ಸುರುಳಿ ಗ್ಯಾಲಕ್ಸಿಯನ್ನು ಗುರುತಿಸಿದರು. ಅದು 2025ರಲ್ಲಿ ಪ್ರಕಟವಾಯಿತು. ಮಹಾಸ್ಫೋಟದ ಸುಮಾರು 150 ಕೋಟಿ ವರ್ಷಗಳ ನಂತರವೇ ಅಷ್ಟು ಅಚ್ಚುಕಟ್ಟಾದ ಎರಡು ತೋಳುಗಳು ಹೇಗೆ ಬಂದವು ಎಂಬ ಪ್ರಶ್ನೆ ಅದರಿಂದ ಎದ್ದಿದೆ.

ಮಾಸ್ಟ್‌ನ ನಿಜವಾದ ಸಂಪತ್ತು ರೋಹಿತಗಳಲ್ಲಿದೆ (ಬೆಳಕನ್ನು ತರಂಗಾಂತರವಾರು ಬಿಡಿಸಿದ ದಾಖಲೆ), ಅವನ್ನು ಇಳಿಸಿಕೊಳ್ಳುವವರು ಕಡಿಮೆ. ವೆಬ್‌ನ ರೋಹಿತ ಉಪಕರಣ ನಿಯರ್‌ಸ್ಪೆಕ್ ಹುಡುಕಿ, ಎಕ್ಸ್1ಡಿ ಎಂದು ಮುಗಿಯುವ ಫೈಲ್ ತೆರೆದರೆ ತರಂಗಾಂತರ, ಹೊಳಪು, ದೋಷ ಮೂರೂ ಕೋಷ್ಟಕದಲ್ಲಿ ಸಿಗುತ್ತವೆ. ಕೆಲವೇ ಎಂಬಿಯ ವ್ಯವಹಾರ, ಹಳೆಯ ಲ್ಯಾಪ್‌ಟಾಪ್ ಸಾಕು. 2024ರಲ್ಲಿ ಸುದ್ದಿಯಾದ ಜೇಡ್ಸ್-ಜಿಎಸ್-ಝಡ್14-0 ಗ್ಯಾಲಕ್ಸಿಯ ರೋಹಿತ ಬಿಡಿಸಿ ನೋಡಿ: 1.86 ಮೈಕ್ರಾನ್‌ಗಿಂತ ಕೆಳಗೆ ಬೆಳಕು ಥಟ್ಟನೆ ನಿಂತಿದೆ. ಹೈಡ್ರೋಜನ್‌ನ ಲೈಮನ್ ಆಲ್ಫಾ ರೇಖೆಯ ಮೂಲ ತರಂಗಾಂತರ 0.1216 ಮೈಕ್ರಾನ್. ಭಾಗಿಸಿ ಒಂದು ಕಳೆದರೆ ಕೆಂಪುಪಲ್ಲಟ, ಅಂದರೆ ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗ ಎಷ್ಟು ಉದ್ದವಾಯಿತು ಎಂಬ ಅಳತೆ, 14.3. ಮಹಾಸ್ಫೋಟವಾಗಿ ಬರೀ 29 ಕೋಟಿ ವರ್ಷ ಕಳೆದಿದ್ದಾಗ ಹೊರಟ ಬೆಳಕಿನ ಕೆಂಪುಪಲ್ಲಟ ಒಂದು ಭಾಗಾಕಾರದಲ್ಲಿ ದಕ್ಕುತ್ತದೆ.

ರೋಹಿತ ಏಕೆ ಬೇಕೇ ಬೇಕು ಎಂಬುದಕ್ಕೆ ಸಿಯರ್ಸ್-93316 ಎಂಬ ಗ್ಯಾಲಕ್ಸಿ ನೆನಪಿಡಬೇಕಾದ ಪ್ರಕರಣ. ಚಿತ್ರಗಳ ಹೊಳಪು ನೋಡಿ ಅದರ ಕೆಂಪುಪಲ್ಲಟ 16ರ ಆಸುಪಾಸು ಎಂದು ಅಂದಾಜಿಸಿದ್ದರು. ರೋಹಿತ ಬಂದಾಗ 4.9 ಎಂದು ಗೊತ್ತಾಯಿತು. ಧೂಳಿನ ಕೆಂಪು ಮತ್ತು ಆಮ್ಲಜನಕ, ಹೈಡ್ರೋಜನ್‌ಗಳ ಪ್ರಬಲ ರೇಖೆಗಳು ಸೇರಿ ಫಿಲ್ಟರ್‌ಗಳಲ್ಲಿ ಬಹುದೂರದ ಗ್ಯಾಲಕ್ಸಿಯ ವೇಷ ತೋರಿಸಿದ್ದವು.

ಕಪ್ಪುಕುಳಿಗಳ ಹುಡುಕಾಟಕ್ಕೆ ಇನ್ನೊಂದು ಎಚ್ಚರ ಬೇಕು. ವೆಬ್ ಕಂಡ ಪುಟ್ಟ ಕೆಂಪು ಚುಕ್ಕೆಗಳಲ್ಲಿ ಕಪ್ಪುಕುಳಿ ಬೆಳೆಯುತ್ತಿದೆ ಎಂಬ ವಾದಕ್ಕೆ ಮುಖ್ಯ ಆಧಾರ ಅಗಲವಾದ ಹೈಡ್ರೋಜನ್ ರೇಖೆ, ಅಂದರೆ ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದಲ್ಲಿ ಸುತ್ತುವ ಅನಿಲ. ನಿಯರ್‌ಸ್ಪೆಕ್‌ನ ಪ್ರಿಸಂ ಬಳಸಿದ ರೋಹಿತದ ಬಿಡಿಸುವ ಶಕ್ತಿ (ಹತ್ತಿರದ ತರಂಗಾಂತರಗಳನ್ನು ಬೇರ್ಪಡಿಸುವ ಸಾಮರ್ಥ್ಯ) ಸರಾಸರಿ 100ರಷ್ಟೇ, ಅಂದರೆ ಸೆಕೆಂಡಿಗೆ 3000 ಕಿ.ಮೀ. ವ್ಯತ್ಯಾಸವೂ ಕಲಸಿಹೋಗುತ್ತದೆ. ಅದರಲ್ಲಿ ಎಲ್ಲ ರೇಖೆಯೂ ಅಗಲವಾಗಿಯೇ ಕಾಣುತ್ತದೆ. ಬೆಳಕನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸುವ ಜಿ395ಎಂ ಗ್ರೇಟಿಂಗ್‌ನ ಫೈಲ್ ಆರಿಸಿದರೆ ಶಕ್ತಿ ಸುಮಾರು 1000, ಸೆಕೆಂಡಿಗೆ 300 ಕಿ.ಮೀ. ತನಕ ಬಿಡಿಸಬಹುದು. ಕೆಂಪುಪಲ್ಲಟ 5 ಇರುವ ಚುಕ್ಕೆಯ ಹೈಡ್ರೋಜನ್ ಆಲ್ಫಾ 3.94 ಮೈಕ್ರಾನ್‌ನಲ್ಲಿ ಬೀಳುತ್ತದೆ, ಗ್ರೇಟಿಂಗ್‌ನ ವ್ಯಾಪ್ತಿಯೊಳಗೇ. ಎಕ್ಸ್-ಕಿರಣದ ಸಾಕ್ಷ್ಯ ಬೇಕೆಂದರೆ ಮಾಸ್ಟ್ ಬಿಟ್ಟು ಚಂದ್ರಾ ದೂರದರ್ಶಕದ ಪ್ರತ್ಯೇಕ ಭಂಡಾರಕ್ಕೆ ಹೋಗಬೇಕು. ಏಬೆಲ್ 2744ರ ಹಿಂದಿರುವ ಯುಎಚ್‌ಝಡ್1 ಗ್ಯಾಲಕ್ಸಿಯ ಕಪ್ಪುಕುಳಿ 2023ರಲ್ಲಿ ಪತ್ತೆಯಾದದ್ದು ವೆಬ್ ಮತ್ತು ಚಂದ್ರಾ ಎರಡರ ಅಳತೆ ಕೂಡಿಸಿದ್ದರಿಂದಲೇ.

ಹಳೆಯ ಡೌನ್‌ಲೋಡ್ ಇಟ್ಟುಕೊಂಡವರು ತಲೆಬರಹದಲ್ಲಿ ಕ್ಯಾಲ್_ವರ್ (ಪೈಪ್‌ಲೈನ್‌ನ ಆವೃತ್ತಿ) ಮತ್ತು ಸಿಆರ್‌ಡಿಎಸ್_ಸಿಟಿಎಕ್ಸ್ (ಮಾನಾಂಕನದ ಉಲ್ಲೇಖ ಫೈಲುಗಳ ಆವೃತ್ತಿ) ಸಾಲುಗಳನ್ನು ನೋಡಿ. ಮಾನಾಂಕನ ಸುಧಾರಿಸಿದಂತೆ ಮಾಸ್ಟ್ ಇಡೀ ದತ್ತಾಂಶವನ್ನು ಮರುಸಂಸ್ಕರಿಸುತ್ತಿರುತ್ತದೆ. 2022ರ ಮೊದಲ ತಿಂಗಳುಗಳ ನಿಯರ್‌ಕ್ಯಾಮ್ ಮೌಲ್ಯಗಳು ನಂತರ ಗಣನೀಯವಾಗಿ ಬದಲಾದವು. ಎರಡು ಆವೃತ್ತಿಯ ಫೈಲ್ ಬೆರೆಸಿದರೆ ಬಣ್ಣವೇ ತಪ್ಪುತ್ತದೆ. ಪೈಪ್‌ಲೈನನ್ನು ಸ್ವಂತ ಗಣಕದಲ್ಲಿ ಓಡಿಸುವವರು ಪೈಥಾನ್ ಶುರುಮಾಡುವ ಮೊದಲೇ ಉಲ್ಲೇಖ ಫೈಲುಗಳನ್ನು ಎಲ್ಲಿ ಇಡಬೇಕು, ಎಲ್ಲಿಂದ ತರಬೇಕು ಎಂದು ಹೇಳುವ ಸಿಆರ್‌ಡಿಎಸ್_ಪಾತ್ ಮತ್ತು ಸಿಆರ್‌ಡಿಎಸ್_ಸರ್ವರ್_ಯುಆರ್‌ಎಲ್ ಎರಡನ್ನೂ ನಮೂದಿಸಿ. ಉಲ್ಲೇಖ ಫೈಲುಗಳೇ ಹತ್ತಾರು ಜಿಬಿ ತಿನ್ನುವುದರಿಂದ ಮೊದಲ ಓಟಕ್ಕೆ ಒಂದೇ ಸಂವೇದಕದ ಒಂದೇ ಅನ್‌ಕ್ಯಾಲ್ ಫೈಲ್ ಕೊಡಿ.