ಸಿಐಡಿ 999 ಸದ್ದು ಮತ್ತೆ ಮನೆಗೆ ಬಂತು

ತುಮಕೂರಿನ ಎಂ.ಜಿ. ರಸ್ತೆ ಹತ್ತಿರದ ಓಣಿಯಲ್ಲಿ ಹಳೇ ರೆಕಾರ್ಡುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಪುಟ್ಟ ಅಂಗಡಿಯಿದೆ. ಅಪ್ಪ ಜೋಪಾನ ಮಾಡಿಟ್ಟಿದ್ದ ‘ಆಪರೇಷನ್ ಡೈಮಂಡ್ ರಾಕೆಟ್’ ರೆಕಾರ್ಡನ್ನು ಅಲ್ಲಿಗೇ ಒಯ್ದೆ. 1978ರ ಚಿತ್ರ, ಜಿ.ಕೆ. ವೆಂಕಟೇಶ್ ಸಂಗೀತ. 1968ರ ‘ಜೇಡರ ಬಲೆ’ಯಿಂದ ಶುರುವಾದ ಅಣ್ಣಾವ್ರು ಸಿಐಡಿ 999 ಆಗಿ ನಟಿಸಿದ ಪತ್ತೇದಾರಿ ಸರಣಿಯ ನಾಲ್ಕನೆಯದು.

ಅಂಗಡಿಯವರು ಮೊದಲು ಮೆತ್ತನೆ ಬಟ್ಟೆ ಒದ್ದೆ ಮಾಡಿ, ಗೆರೆಗಳ ಗುಂಟವೇ ಸುತ್ತಿ ಸುತ್ತಿ ಒರೆಸಿದರು. ಅಡ್ಡಡ್ಡ ಒರೆಸಿದರೆ ಗೀರು ಬೀಳುತ್ತದಂತೆ. ಆದರೆ ಮೊದಲ ಸಲ ಕಂಪ್ಯೂಟರಿನಲ್ಲಿ ಚರಪರ ಸದ್ದು ತೆಗೆಯಲು ಹೋಗಿ ಹಾಡಿನ ಜೀವವನ್ನೇ ತೆಗೆದಿದ್ದರು. ತಾಳದ ಚುರುಕು ಮಂಕಾಗಿ, ಬೇಸ್ ಗಿಟಾರ್ ಕಂಬಳಿ ಹೊದ್ದ ಹಾಗಿತ್ತು. ಈ ಬಗೆಯ ಸಂಗೀತಕ್ಕೆ ಆ ಗುಡುಗುಡು ಬೇಸೇ ಪ್ರಾಣ ಅಲ್ವಾ! ಹೇಳಿದೆ. ಬೇಸರಿಸದೆ, ಫಿಲ್ಟರ್ ಇಲ್ಲದೆ ಮತ್ತೆ ಮಾಡಿಕೊಟ್ಟರು, ದುಡ್ಡೂ ಕೇಳಲಿಲ್ಲ.

ಮನೆಯಲ್ಲಿ ಆ ಚಿತ್ರದ ‘ಇಫ್ ಯೂ ಕಮ್ ಟುಡೇ’ ಹಾಡು ಶುರುವಾದಾಗ ಅಮ್ಮ ಒಗ್ಗರಣೆ ಸೌಟು ಹಿಡಿದೇ ಹಾಲ್‌ಗೆ ಬಂದು ನಿಂತರು. ಚರಪರ ಇನ್ನೂ ಇದೆ, ಇರಲಿ. ರಸೀದಿ ಮಾತ್ರ ಕೇಳಿ ಪಡೆಯಿರಿ. ಭಾನುವಾರ ಬಾಗಿಲು ಹಾಕಿರುತ್ತದೆ.